ನಲವತ್ತರ ನಂತರದ ಮೈ, ನಲವತ್ತರ ನಂತರದ ಊಟ



ವಯಸ್ಕರ ದೇಹ ಒಂದು ದಿನದಲ್ಲಿ ಖರ್ಚು ಮಾಡುವ ಶಕ್ತಿಗೆ ಮೂರು ಬಾಬ್ತುಗಳಿವೆ. ಸುಮ್ಮನೆ ಮಲಗಿದ್ದರೂ ಉಸಿರಾಟ, ರಕ್ತಸಂಚಾರ, ಮೆದುಳಿನ ಕೆಲಸ, ಮೈಯ ಬಿಸಿ ಕಾಯ್ದುಕೊಳ್ಳುವುದು ಇವಕ್ಕೆ ಹೋಗುವುದು ಮೊದಲನೆಯದು. ಕುಳಿತು ಕೆಲಸ ಮಾಡುವವರಲ್ಲಿ ದಿನದ ಒಟ್ಟು ಖರ್ಚಿನ ಶೇ. 60ರಿಂದ 70ರಷ್ಟು ಇದಕ್ಕೇ ಬೇಕು. ತಿಂದದ್ದನ್ನು ಅರಗಿಸಿ ಮೈಗೂಡಿಸಿಕೊಳ್ಳಲು ಸುಮಾರು ಶೇ. 10 ಹೋಗುತ್ತದೆ. ಉಳಿದದ್ದು ಓಡಾಟ, ಕೆಲಸ, ವ್ಯಾಯಾಮಕ್ಕೆ. ಇವೆಲ್ಲವನ್ನೂ ನಡೆಸುವ ರಾಸಾಯನಿಕ ಕ್ರಿಯೆಗಳ ಒಟ್ಟು ಹೆಸರು ಚಯಾಪಚಯ. ಮೂವತ್ತೈದು ದಾಟಿ ಸೊಂಟಪಟ್ಟಿಯನ್ನು ಒಂದೊಂದೇ ತೂತು ಸಡಿಲಿಸಬೇಕಾಗಿ ಬಂದಾಗ ‘ಮೆಟಬಾಲಿಸಂ ಸ್ಲೋ ಆಗಿದೆ’ ಎಂಬ ಮಾತು ಮನೆಯಲ್ಲೂ ಜಿಮ್ಮಿನಲ್ಲೂ ಕೇಳುತ್ತದೆ. ಆ ಮಾತನ್ನು ನಂಬಿದವರು ಊಟ ಬಿಡುತ್ತಾರೆ, ಇಲ್ಲವೇ ಕೈಚೆಲ್ಲಿ ಕೂರುತ್ತಾರೆ. ಎರಡರಿಂದಲೂ ಹಾನಿಯೇ. ಆದ್ದರಿಂದ ನಿಜವಾಗಿ ಬದಲಾಗುವುದು ಏನು ಎಂಬುದನ್ನು ಮೊದಲು ತಿಳಿಯಬೇಕು.

ದೇಹದ ಒಟ್ಟು ಖರ್ಚನ್ನು ಅಳೆಯಲು ಒಂದು ಸೊಗಸಾದ ವಿಧಾನವಿದೆ. ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಮ್ಲಜನಕ ಸೇರಿದ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರವನ್ನು ಪರೀಕ್ಷಿಸುತ್ತಾರೆ. ಹೈಡ್ರೋಜನ್ ನೀರಿನ ರೂಪದಲ್ಲಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಿನ ಜೊತೆಗೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡಿನ ಜೊತೆಗೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ದೇಹ ಎಷ್ಟು ಇಂಧನ ಸುಟ್ಟಿತೆಂದು ಲೆಕ್ಕ ಸಿಗುತ್ತದೆ. ಅಷ್ಟು ದಿನವೂ ಮನುಷ್ಯ ತನ್ನ ಪಾಡಿಗೆ ತಾನು ಓಡಾಡಿಕೊಂಡಿರಬಹುದು. ಹೀಗೆ 29 ದೇಶಗಳಲ್ಲಿ, ಹುಟ್ಟಿ ಎಂಟು ದಿನದ ಕೂಸಿನಿಂದ ಹಿಡಿದು 95 ವರ್ಷದವರವರೆಗೆ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ ಹರ್ಮನ್ ಪೊಂಟ್ಜರ್ ಮತ್ತು ಸಂಗಡಿಗರು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ, ಒಂದು ವರ್ಷದ ಮಗು ವಯಸ್ಕರಿಗಿಂತ ಸುಮಾರು ಶೇ. 50 ಹೆಚ್ಚು ಶಕ್ತಿ ಸುಡುತ್ತದೆ. ಅಲ್ಲಿಂದ ಅದು ನಿಧಾನವಾಗಿ ಇಳಿದು ಇಪ್ಪತ್ತರ ಹೊತ್ತಿಗೆ ನೆಲೆಗೊಳ್ಳುತ್ತದೆ. ಇಪ್ಪತ್ತರಿಂದ ಅರವತ್ತರವರೆಗೆ ಗಣನೀಯವಾದ ಇಳಿತವೇ ಇಲ್ಲ. ಅರವತ್ತರ ನಂತರ ವರ್ಷಕ್ಕೆ ಶೇ. 0.7ರಷ್ಟು ಕುಸಿಯುತ್ತದೆ, ತೊಂಬತ್ತರ ಆಚೆ ಇರುವವರ ಖರ್ಚು ನಡುವಯಸ್ಸಿನವರದ್ದಕ್ಕಿಂತ ಸುಮಾರು ಶೇ. 26 ಕಡಿಮೆ.

ಈ ಫಲಿತಾಂಶವನ್ನು ಓದುವಾಗ ಒಂದು ಎಚ್ಚರ ಬೇಕು. ಲೆಕ್ಕವನ್ನು ದೇಹದ ಗಾತ್ರಕ್ಕೂ, ಕೊಬ್ಬಲ್ಲದ ಅಂಶಕ್ಕೂ ಹೊಂದಿಸಲಾಗಿದೆ. ಜೀವಕೋಶಗಳು ನಲವತ್ತರಲ್ಲಿ ಸೋಮಾರಿಯಾಗಿಲ್ಲ ಎಂಬುದಷ್ಟೇ ಇದರ ಅರ್ಥ. ಮೈಯಲ್ಲಿ ಸ್ನಾಯು ಕಡಿಮೆಯಾದರೆ, ಕೈಕಾಲಾಡಿಸುವುದು ಕಡಿಮೆಯಾದರೆ, ಒಟ್ಟು ಖರ್ಚು ಇಳಿದೇ ಇಳಿಯುತ್ತದೆ. ನಡುವಯಸ್ಸಿನಲ್ಲಿ ಆಗುವುದು ಇದೇ.

ಓಡಾಟ ಎಷ್ಟು ಇಳಿದಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ವ್ಯಾಯಾಮದ ಹೆಸರಿನಲ್ಲಿ ಇದ್ದದ್ದಲ್ಲ. ನೀರು ಸೇದುವುದು, ರುಬ್ಬುವುದು, ಬಟ್ಟೆ ಒಗೆಯುವುದು, ನೆಲದಲ್ಲಿ ಕೂತು ಏಳುವುದು, ಬಸ್‌ಸ್ಟಾಪಿಗೆ ನಡೆಯುವುದು ಎಲ್ಲವೂ ಶಕ್ತಿಯ ಖರ್ಚೇ. ಇಪ್ಪತ್ತೆರಡರಲ್ಲಿ ಬಸ್ಸು ಹಿಡಿಯಲು ಓಡುತ್ತಿದ್ದವರು ನಲವತ್ತರಲ್ಲಿ ಕಾರಿನಲ್ಲಿ ಕುಳಿತು, ಲಿಫ್ಟಿನಲ್ಲಿ ಏರಿ, ಮತ್ತೆ ಎಂಟು ಗಂಟೆ ಕುಳಿತೇ ಇರುತ್ತಾರೆ. ತಟ್ಟೆಯ ಅಳತೆ ಮಾತ್ರ ಹಿಂದಿನದ್ದೇ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ವರ್ಷಕ್ಕೆ ಅರ್ಧ ಕಿಲೋ ಕೊಬ್ಬು ಕೂಡಬೇಕಾದರೆ ದಿನಕ್ಕೆ ಹತ್ತು ಹನ್ನೊಂದು ಕ್ಯಾಲೊರಿ ಉಳಿದರೂ ಸಾಕು. ಒಂದು ಗುಟುಕು ಕಾಫಿಯಷ್ಟು. ಇಪ್ಪತ್ತು ವರ್ಷಕ್ಕೆ ಅದು ಹತ್ತು ಕಿಲೋ.

ಸ್ನಾಯುವಿನ ಕತೆ ಇನ್ನೂ ಮುಖ್ಯ. ಮೂವತ್ತರ ನಂತರ, ಬಳಸದೆ ಬಿಟ್ಟರೆ, ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ವೇಗ ಹೆಚ್ಚುತ್ತದೆ. ಕಸುವಂತೂ ಸ್ನಾಯುವಿನ ತೂಕಕ್ಕಿಂತ ಬೇಗ ಇಳಿಯುತ್ತದೆ. ಕರಗಿದ ಜಾಗದಲ್ಲಿ ಕೊಬ್ಬು ಕೂರುವುದರಿಂದ ತಕ್ಕಡಿ ಇದನ್ನು ಹೇಳುವುದಿಲ್ಲ. ಮದುವೆಯ ದಿನ ಇದ್ದ ತೂಕವೇ ಇಂದೂ ಇದೆ ಎನ್ನುವವರ ಮೈ ಒಳಗೆ ಪೂರ್ತಿ ಬದಲಾಗಿರಬಹುದು.

ಇಲ್ಲಿ ಜಿಮ್ಮುಗಳು ಹರಡಿದ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಸ್ನಾಯು ಬೆಳೆಸಿದರೆ ಕೂತಲ್ಲೇ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವ ಒಂದು ಕಿಲೋ ಸ್ನಾಯು ದಿನಕ್ಕೆ ಸುಡುವುದು ಸುಮಾರು 13 ಕ್ಯಾಲೊರಿ ಮಾತ್ರ. ಹೃದಯ ಮತ್ತು ಮೂತ್ರಪಿಂಡಗಳಾದರೆ ಕಿಲೋಗೆ 440ರಷ್ಟು, ಮೆದುಳು 240, ಪಿತ್ತಜನಕಾಂಗ 200. ಮೂರು ಕಿಲೋ ಸ್ನಾಯು ಕಳೆದರೆ ಖರ್ಚು ಇಳಿಯುವುದು ಒಂದು ಸಣ್ಣ ಇಡ್ಲಿಯಷ್ಟು. ಸ್ನಾಯುವಿನ ಬೆಲೆ ಬೇರೆ ಕಡೆ ಇದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ತುಂಬಿಟ್ಟುಕೊಳ್ಳುವ ಕಣಜ ಅದು. ಕಣಜ ಚಿಕ್ಕದಾದರೆ, ಅಥವಾ ಯಾವಾಗಲೂ ತುಂಬಿಯೇ ಇದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದದ್ದು ಕೊಬ್ಬಾಗಿ ಪಿತ್ತಜನಕಾಂಗವನ್ನೂ ಹೊಟ್ಟೆಯ ಒಳಭಾಗವನ್ನೂ ಸೇರುತ್ತದೆ. ವರ್ಷಗಳು ಹೀಗೇ ಕಳೆದ ಮೇಲೆ ಗ್ರಂಥಿ ದಣಿಯುತ್ತದೆ. ಆಗ ಬರುವುದೇ ಸಕ್ಕರೆ ಕಾಯಿಲೆ. ನಡುವಯಸ್ಸಿನ ಚಯಾಪಚಯ ಬದಲಾಗಿದೆ ಎಂದು ಹೇಳಬೇಕಾದದ್ದು ಈ ಅರ್ಥದಲ್ಲಿ.

ಭಾರತೀಯರಿಗೆ ಇದು ಬೇರೆಯವರಿಗಿಂತ ಬೇಗ ತಟ್ಟುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನು ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ (ಬಿಎಂಐ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕ್ ಮೈಯಲ್ಲಿ ಶೇ. 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರುವ ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ ಎಂಬುದನ್ನು ಯಾಜ್ಞಿಕ್ ತಂಡ ಪುಣೆಯ ಹಳ್ಳಿಗಳ ನವಜಾತ ಶಿಶುಗಳಲ್ಲಿ ತೋರಿಸಿದೆ. ಆದ್ದರಿಂದಲೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಹತ್ತು ಕೋಟಿಗೂ ಹೆಚ್ಚು ಭಾರತೀಯರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ ಸುಮಾರು 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಇಂಥ ನೆಲದಲ್ಲಿ ‘ನಾನು ಸಣ್ಣಗಿದ್ದೇನೆ, ನನಗೇನು’ ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ ಇನ್ನೊಂದು ತಿರುವು. ಭಾರತದಲ್ಲಿ ಅದು ಸರಾಸರಿ ನಲವತ್ತಾರು ನಲವತ್ತೇಳರ ಆಸುಪಾಸಿಗೆ ಬರುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ. ಈಸ್ಟ್ರೊಜೆನ್ ಇಳಿದಂತೆ ತೊಡೆ, ನಿತಂಬದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಸರಿಯುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಕೆಡುತ್ತದೆ. ತಿನ್ನುವುದರಲ್ಲಿ ಏನೂ ಬದಲಾಗದಿದ್ದರೂ ಸೊಂಟ ದಪ್ಪವಾಗುವುದಕ್ಕೆ ಇದು ಕಾರಣ. ಮನೆಯವರು ಇದನ್ನು ಆಲಸ್ಯವೆಂದು ಬಗೆಯುವುದು ಅನ್ಯಾಯ. ಗಂಡಸರಲ್ಲಿ ಟೆಸ್ಟೊಸ್ಟಿರಾನ್ ಹೀಗೆ ಒಮ್ಮೆಲೇ ಬೀಳುವುದಿಲ್ಲ, ವರ್ಷವರ್ಷಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ.

ಊಟದ ವಿಷಯಕ್ಕೆ ಬಂದರೆ, ಈ ವಯಸ್ಸಿನಲ್ಲಿ ಕಡಿಮೆ ತಿನ್ನುವುದಕ್ಕಿಂತ ತಟ್ಟೆಯೊಳಗಿನ ಪಾಲು ಬದಲಿಸುವುದು ಮುಖ್ಯ. ಒಮ್ಮೆಲೇ ಹಸಿದುಕೊಂಡು ತೂಕ ಇಳಿಸಿದವರಿಗೆ ಏನಾಗುತ್ತದೆ ಎಂಬುದಕ್ಕೆ ತೂಕ ಇಳಿಸುವ ಅಮೆರಿಕದ ಒಂದು ಟಿ.ವಿ. ಸ್ಪರ್ಧೆಯ 14 ಸ್ಪರ್ಧಿಗಳ ಮೇಲೆ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಸಾಕ್ಷಿ. 2016ರಲ್ಲಿ ಅದು ಪ್ರಕಟವಾಯಿತು. ಸ್ಪರ್ಧೆ ಮುಗಿದು ಆರು ವರ್ಷವಾದ ಮೇಲೂ, ಕಳೆದ ತೂಕದ ಬಹುಪಾಲು ಮರಳಿ ಬಂದ ಮೇಲೂ, ವಿಶ್ರಾಂತಿಯಲ್ಲಿ ಅವರ ದೇಹ ಸುಡುತ್ತಿದ್ದ ಶಕ್ತಿ ಅವರ ಮೈಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಅಲ್ಲದೆ ಅರೆಹೊಟ್ಟೆಯ ಪಥ್ಯದಲ್ಲಿ ಕರಗುವುದು ಕೊಬ್ಬೊಂದೇ ಅಲ್ಲ, ಸ್ನಾಯುವೂ ಕರಗುತ್ತದೆ. ತೂಕ ಮರಳುವಾಗ ಬರುವುದು ಮಾತ್ರ ಹೆಚ್ಚಾಗಿ ಕೊಬ್ಬು.

ಕನ್ನಡಿಗರ ಊಟದಲ್ಲಿ ಧಾನ್ಯ ಹೆಚ್ಚು, ಪ್ರೋಟೀನು ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಳಗೊಂಡ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ನಿಗದಿ ಮಾಡಿದ ಪ್ರಮಾಣ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವವರಿಗೆ 50 ಗ್ರಾಂ ಆಯಿತು. ಮೂರು ಇಡ್ಲಿ ಚಟ್ನಿಯ ತಿಂಡಿಯಿಂದ ಏಳೆಂಟು ಗ್ರಾಂ, ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆಯ ಊಟದಿಂದ ಹನ್ನೆರಡು ಹದಿನಾಲ್ಕು, ಸಂಜೆಯ ಕಾಫಿಯಿಂದ ಎರಡು ಮೂರು, ರಾತ್ರಿಯ ಚಪಾತಿ ಪಲ್ಯದಿಂದ ಮತ್ತೆ ಹತ್ತು. ಒಟ್ಟು ನಲವತ್ತು ಮುಟ್ಟುವುದೂ ಕಷ್ಟ. ವಯಸ್ಸಾದಂತೆ ಸ್ನಾಯು ಪ್ರೋಟೀನಿಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಅರವತ್ತೈದು ದಾಟಿದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಶಿಫಾರಸು ಮಾಡಿತು. ಅದನ್ನು ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಬೇಕು. ಕಿಡ್ನಿ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲೇ ಇರಬೇಕು.

ಇದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. ಹಿಡಿ ಹುರಿಗಡಲೆ ಅಥವಾ ಶೇಂಗಾದಲ್ಲಿ ಆರೇಳು ಗ್ರಾಂ ಇದೆ. ಒಂದು ಲೋಟ ಹಾಲಿನಲ್ಲೂ ಅಷ್ಟೇ, ಒಂದು ಮೊಟ್ಟೆಯಲ್ಲಿ ಆರು, ನೂರು ಗ್ರಾಂ ಮೀನು ಅಥವಾ ಕೋಳಿಯಲ್ಲಿ ಇಪ್ಪತ್ತರ ಮೇಲೆ. ಹಳೆಯ ಮೈಸೂರಿನ ಹುರುಳಿಕಾಳಿನ ಬಸ್ಸಾರು, ಮೊಳಕೆಕಾಳಿನ ಸಾರು, ಅವರೆಕಾಳಿನ ಉಸಲಿ, ಉತ್ತರದ ಝುಣಕ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಕರಾವಳಿಯ ಬೂತಾಯಿ, ಬಂಗುಡೆ, ಹಬ್ಬದ ದಿನ ಮಾತ್ರ ನೆನಪಾಗುವ ಕೋಸಂಬರಿ ಎಲ್ಲವೂ ಈ ಲೆಕ್ಕಕ್ಕೆ ಒದಗುತ್ತವೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳು, ಹಾಲು ಅದನ್ನು ತುಂಬಿಕೊಡುತ್ತವೆ. ಭಾರತೀಯರಿಗೆ ಲೈಸಿನ್ ಎಷ್ಟು ಬೇಕೆಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಐಸೊಟೋಪುಗಳ ನೆರವಿನಿಂದ ಅಳೆದದ್ದು ಜಾಗತಿಕ ಶಿಫಾರಸುಗಳನ್ನೇ ಪ್ರಭಾವಿಸಿದ ಕೆಲಸ.

ರಾಗಿಯ ವಿಷಯದಲ್ಲಿ ಅಭಿಮಾನವಿರಲಿ, ಲೆಕ್ಕವೂ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿ ಅದರ ಹತ್ತಿರವೂ ಬರುವುದಿಲ್ಲ. ನಾರೂ ಧಾರಾಳ. ಆದರೆ ಪ್ರೋಟೀನು ಏಳು ಗ್ರಾಂ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನದು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ಉತ್ತವರಿಗೆ, ಕೊಯ್ದವರಿಗೆ ಆ ಗಾತ್ರದ ಮುದ್ದೆ ಸಲ್ಲುತ್ತಿತ್ತು. ಕಂಪ್ಯೂಟರ್ ಮುಂದೆ ಕೂತವರಿಗೆ ಅದರ ಅರ್ಧ ಮುದ್ದೆ, ಎರಡು ಪಟ್ಟು ಕಾಳು, ಒಂದು ಬಟ್ಟಲು ಸೊಪ್ಪು ಸರಿಯಾದ ಅಳತೆ. ಅನ್ನಕ್ಕೂ ಚಪಾತಿಗೂ ಇದೇ ಮಾತು.

ಸ್ನಾಯುವೆಂಬ ಕಣಜವನ್ನು ದೊಡ್ಡದಾಗಿ ಇಟ್ಟುಕೊಳ್ಳಲು ಊಟವೊಂದೇ ಸಾಲದು. ಸ್ನಾಯುವಿಗೆ ಭಾರ ಬೀಳಬೇಕು. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಉದ್ಯಾನಗಳಲ್ಲಿ ಬೆಳಗಿನ ನಡಿಗೆಗೆ ಜನ ನೆರೆಯುತ್ತಾರೆ, ಸಂತೋಷ. ಸೂಚನೆಯ ಎರಡನೆಯ ಅರ್ಧವನ್ನು ಮಾತ್ರ ಬಹುಮಂದಿ ಬಿಟ್ಟುಬಿಡುತ್ತಾರೆ. ಗರಡಿಮನೆಯ ಬೈಠಕ್ಕು, ಗೋಡೆಗೆ ಅಥವಾ ಮೇಜಿಗೆ ಕೈಯೂರಿ ಹೊಡೆಯುವ ದಂಡ, ಕೈ ಊರದೆ ಕುರ್ಚಿಯಿಂದ ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಮೆಟ್ಟಿಲು ಹತ್ತುವುದು ಇಷ್ಟರಿಂದಲೇ ಆರಂಭಿಸಬಹುದು. ಸುಲಭವೆನಿಸಿದೊಡನೆ ಭಾರ ಅಥವಾ ಸಂಖ್ಯೆ ಹೆಚ್ಚಿಸಬೇಕು. ಒಂದೇ ಹಂತದಲ್ಲಿ ನಿಂತರೆ ಸ್ನಾಯುವೂ ಅಲ್ಲೇ ನಿಲ್ಲುತ್ತದೆ. ಎದೆನೋವು, ಬಿಪಿ, ಮಂಡಿ ಸವೆತ ಇರುವವರು ಮೊದಲು ವೈದ್ಯರನ್ನು ಕೇಳುವುದು ಒಳಿತು.

ತಡವಾಯಿತು ಎಂಬ ಚಿಂತೆಗೆ ಕಾರಣವಿಲ್ಲ. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟು 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ಣಗೊಳಿಸಿದ ಒಂಬತ್ತು ಮಂದಿಯಲ್ಲಿ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತ್ತು, ತೊಡೆಯ ಸ್ನಾಯುವೂ ಶೇ. 9ರಷ್ಟು ಬೆಳೆದಿತ್ತು. ತೊಂಬತ್ತರಲ್ಲಿ ಸಾಧ್ಯವಾದದ್ದು ನಲವತ್ತರಲ್ಲಿ ಆಗದೆ ಇರದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಚೆನ್ನೈನಲ್ಲಿ ಎ. ರಾಮಚಂದ್ರನ್ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟ, ಓಡಾಟದ ಬದಲಾವಣೆಯೊಂದರಿಂದಲೇ ಕಾಯಿಲೆಯ ಅಪಾಯ ಶೇ. 28.5 ತಗ್ಗಿತು. ಅಂಥದೇ ಅಮೆರಿಕದ ಅಧ್ಯಯನದಲ್ಲಿ ಅತಿ ಹೆಚ್ಚು ಲಾಭ ಪಡೆದವರು ಅರವತ್ತು ದಾಟಿದವರೇ, ಅವರಲ್ಲಿ ಅಪಾಯ ಶೇ. 71 ತಗ್ಗಿತು.

ಊಟವಾದೊಡನೆ ಹತ್ತು ಹದಿನೈದು ನಿಮಿಷ ನಡೆಯುವುದಕ್ಕೆ ಬೇರೆಯದೇ ಬೆಲೆ ಇದೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವವರಿಗೆ ಈ ಲಾಭವಿಲ್ಲ. ಸಂಜೆಯ ನಂತರ ಇನ್ಸುಲಿನ್ನಿನ ಪರಿಣಾಮವೂ ಬೆಳಗಿನಷ್ಟಿರುವುದಿಲ್ಲ. ನಿದ್ದೆಯ ಕೊರತೆಯೂ ಕೆಡುಕೇ: ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿದ್ದನ್ನು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ತೋರಿಸಿದರು. ಮದ್ಯ ಸೇವಿಸುವವರು ತಿಳಿದಿರಬೇಕಾದದ್ದು, ವಯಸ್ಸಾದಂತೆ ಮೈಯ ನೀರಿನಂಶ ಇಳಿಯುವುದರಿಂದ ಅದೇ ಪ್ರಮಾಣ ರಕ್ತದಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ.

ನಲವತ್ತರವರ ಮನೆಯಲ್ಲಿ ಸಾಮಾನ್ಯವಾಗಿ ಎಪ್ಪತ್ತರ ತಂದೆತಾಯಿಯೂ ಇರುತ್ತಾರೆ. ಶಕ್ತಿಯ ಖರ್ಚು ನಿಜವಾಗಿ ಇಳಿಯುವುದು ಅವರಲ್ಲಿ. ಹಸಿವೂ ಇಳಿಯುತ್ತದೆ, ಬಾಯಾರಿಕೆ ತಿಳಿಯುವುದಿಲ್ಲ, ಹಲ್ಲು ಸಹಕರಿಸುವುದಿಲ್ಲ. ಬೇಕಾದ ಕ್ಯಾಲೊರಿ ತಗ್ಗಿದರೂ ಪ್ರೋಟೀನು, ಕ್ಯಾಲ್ಸಿಯಂ, ಜೀವಸತ್ವಗಳ ಅಗತ್ಯ ತಗ್ಗುವುದಿಲ್ಲ; ಅಂದರೆ ತಿನ್ನುವ ಸ್ವಲ್ಪದಲ್ಲೇ ಹೆಚ್ಚು ಸತ್ವ ಇರಬೇಕು. ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ‘ವಯಸ್ಸಾಯಿತು, ಗಂಜಿ ಕುಡಿದು ಮಲಗಲಿ’ ಎಂದು ಪ್ರೀತಿಯಿಂದಲೇ ಹಾಸಿಗೆಗೆ ಒರಗಿಸುತ್ತಾರೆ. ಬಿಳಿ ಗಂಜಿ, ಬ್ರೆಡ್ಡು, ಬಿಸ್ಕತ್ತು ಬರಿಯ ಪಿಷ್ಟ. ಅದರ ಜಾಗದಲ್ಲಿ ಹೆಸರುಬೇಳೆ ಹೆಚ್ಚಾಗಿ ಹಾಕಿದ ಮೆತ್ತನೆಯ ಹುಗ್ಗಿ, ಹಾಲಿನಲ್ಲಿ ಕಾಯಿಸಿದ ರಾಗಿ ಅಂಬಲಿ, ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಬಹುದು. ಅಂಗಡಿಗೆ ಹೋಗಿ ಬರುವ, ಗಿಡಕ್ಕೆ ನೀರು ಹಾಕುವ, ಕಾಳು ಬಿಡಿಸುವ ಕೆಲಸಗಳನ್ನು ಅವರ ಕೈಯಿಂದ ಕಿತ್ತುಕೊಳ್ಳಬಾರದು. ಕುರ್ಚಿಯಿಂದ ಕೈ ಊರದೆ ಐದು ಬಾರಿ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ, ಮೀನಖಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಸ್ನಾಯು ಸೊರಗುತ್ತಿದೆಯೇ ಎಂದು ನೋಡಬೇಕೆಂಬುದು ಏಷ್ಯಾದ ತಜ್ಞರು 2019ರಲ್ಲಿ ಗೊತ್ತುಮಾಡಿದ ಅಳತೆ.

ಔಷಧ ಮತ್ತು ಉಪವಾಸ ಸೇರಿದಾಗ ವಿಶೇಷ ಎಚ್ಚರ ಬೇಕು. ಸಕ್ಕರೆ ತಗ್ಗಿಸುವ ಗ್ಲಿಮೆಪಿರೈಡಿನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಏಕಾದಶಿ, ಶಿವರಾತ್ರಿ, ರಂಜಾನಿನ ಉಪವಾಸ ಮಾಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ವಯಸ್ಸಾದವರಲ್ಲಿ ಅದು ನಡುಕ, ಬೆವರಿನ ಬದಲು ಬರಿಯ ಗಲಿಬಿಲಿಯಾಗಿ ಕಾಣಿಸಿಕೊಂಡು, ಮರೆವಿನ ಕಾಯಿಲೆಯೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಉಪವಾಸಕ್ಕೆ ಮುನ್ನ ವೈದ್ಯರ ಬಳಿ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳಬೇಕು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕೊರತೆ ಸಾಮಾನ್ಯ; ಪಾದ ಜೋಮು ಹಿಡಿಯುವುದಕ್ಕೆ ಅದೂ ಕಾರಣವಿರಬಹುದು.

ಪರೀಕ್ಷೆಗಳಲ್ಲಿ ಅತಿ ಅಗ್ಗದ್ದು ಟೇಲರ್ ಟೇಪು: ಹೊಕ್ಕುಳಿನ ಸುಮಾರಿಗೆ, ಉಸಿರು ಬಿಟ್ಟಾಗ ಅಳೆದ ಸೊಂಟ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್ ನೋಡಿಸಿದರೆ ಸಾಕು. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅಂಚಿನ ಸ್ಥಿತಿ, 6.5 ಮುಟ್ಟಿದರೆ ಕಾಯಿಲೆ. ಥೈರಾಯ್ಡನ್ನು ಸುಸ್ತು, ಮಲಬದ್ಧತೆ, ಚಳಿ ತಾಳದಿರುವಿಕೆ ಇದ್ದಾಗ ಪರೀಕ್ಷಿಸಬೇಕು. ಅದರ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಹದಿನೈದು ಕಿಲೋ ಬೊಜ್ಜಿಗೆ ಥೈರಾಯ್ಡನ್ನು ಹೊಣೆ ಮಾಡಲಾಗದು. ಎಪ್ಪತ್ತರ ಮೇಲೆ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸಹಜವಾಗಿಯೇ ತುಸು ಏರುವುದರಿಂದ ಅಲ್ಪ ಏರಿಕೆಗೆಲ್ಲ ಮಾತ್ರೆ ಬೇಕಾಗುವುದಿಲ್ಲ. ಪ್ರಯತ್ನವಿಲ್ಲದೆ ಆರೆಂಟು ತಿಂಗಳಲ್ಲಿ ತೂಕದ ಶೇ. 5ರಷ್ಟು ಇಳಿದರೆ, ಅದು ಯಾವ ವಯಸ್ಸಿನಲ್ಲೇ ಆಗಲಿ, ತಡಮಾಡದೆ ವೈದ್ಯರ ಬಳಿ ಹೋಗಬೇಕು.